ಶಾವಿಗೆ ಮಷಿನ್ನಿಗೆ ಚೆಕ್ಕುಬಂದಿ

ಅಜ್ಜಂಪುರದ ನಮ್ಮ ಮನೆಯ ತಾರಸಿಯ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಒಂದು ಸುಣ್ಣದ ಗೆರೆ ಇದೆ. ಹೊಸಬರು ಯಾರಾದರೂ ಮೇಲೆ ಬಂದರೆ ಅದೇನೆಂದು ಕೇಳುತ್ತಾರೆ. ಈ ಕಡೆ ದಪ್ಪ ಶಾವಿಗೆ, ಆ ಕಡೆ ಸಣ್ಣ ಶಾವಿಗೆ, ಒಣಹಾಕುವಾಗ ಒಂದಕ್ಕೊಂದು ಬೆರೆಯದಿರಲಿ ಎಂದು ಎಳೆದದ್ದು ಅನ್ನುತ್ತೇನೆ. ಅದೇನೂ ಸುಳ್ಳಲ್ಲ, ಈಗ ಆ ಗೆರೆಗಿರುವುದು ಅಷ್ಟೇ ಕೆಲಸ. ಆದರೆ ಎಳೆದ ದಿನ ನನ್ನ ತಲೆಯಲ್ಲಿದ್ದದ್ದೇ ಬೇರೆ. ಅದನ್ನು ಬರೆಯಲು ಕೂತಿದ್ದೇನೆ. ನನ್ನ ಜೊತೆಗಾತಿಯ ಒಪ್ಪಿಗೆಯೂ ಸಿಕ್ಕಿದೆ, ಒಂದು ಷರತ್ತಿನ ಮೇಲೆ. "ಬರೀರಿ ಅಕ್ಕ. ಆದ್ರೆ ಕೊನೇಲಿ ನೀವ್ ಅತ್ತಿದ್ದೂ ಬರೀಬೇಕು" ಎಂದಿದ್ದಾಳೆ.

ಮೊದಲು ಶಾವಿಗೆಯ ವಿಷಯ ಹೇಳಿಬಿಡುತ್ತೇನೆ. ಮಕ್ಕಳು ಓದು ಮುಗಿಸಿ ಅವರವರ ಪಾಡಿಗೆ ನೆಲೆಯಾದ ಮೇಲೆ ನನಗೆ ಮನೆಯಲ್ಲಿ ಕೈಗೆ ಕೆಲಸವಿಲ್ಲದೆ ನಾಲಿಗೆಗೆ ಕೆಲಸ ಹೆಚ್ಚಾಯಿತು. ನಮ್ಮನೆಯವರು ಪಾಪ, ಎಷ್ಟೆಂದು ಬೈಸಿಕೊಳ್ಳುತ್ತಾರೆ? ಅವರೇ ಹುಡುಕಿ ಒಂದು ಶಾವಿಗೆ ಮಷಿನ್ ತಂದು ಬೀದಿ ಕಡೆಯ ಕೋಣೆಯಲ್ಲಿ ಕೂರಿಸಿದರು. ಹಿಟ್ಟು ತಂದವರಿಗೆ ಒತ್ತಿಕೊಡುವುದು, ತಾರಸಿಯ ಮೇಲೆ ಬಿದಿರಿನ ಗಳಗಳಿಗೆ ಹಾಕಿ ಒಣಗಿಸುವುದು. ಬಯಲುಸೀಮೆಯ ನಮ್ಮೂರಿನಲ್ಲಿ ಬಿಸಿಲಿಗೂ ಗಾಳಿಗೂ ಬರವಿಲ್ಲ. ಬೆಳಿಗ್ಗೆ ಹಾಕಿದ್ದು ಸಂಜೆಗೆ ಮುರಿದರೆ ಲಟಕ್ಕೆನ್ನುತ್ತದೆ. ಮದುವೆಗೆ, ಹಬ್ಬಕ್ಕೆ, ಬಾಣಂತಿಗೆ ಎಂದು ಬರುವವರು ಹೆಚ್ಚಿದರು. ಆಮೇಲೆ ನಾವೇ ಪ್ಯಾಕೆಟ್ ಮಾಡಿ ತರೀಕೆರೆಯ ಎರಡು ಅಂಗಡಿಗೆ, ಕಡೂರಿನ ಒಂದು ಅಂಗಡಿಗೆ ಕೊಡತೊಡಗಿದೆವು.

ವ್ಯಾಪಾರ ಬೆಳೆಯಿತು, ಆದರೆ ನನ್ನ ತಾಳ್ಮೆ ಬೆಳೆಯಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲಿಯೇ ಇರುತ್ತದೆ. ಹಿಟ್ಟು ತೆಳುವಾಗಿ ಕಲಸಿ ತಂದವರನ್ನು ಬೈದೆ. ಒತ್ತಿಸಿ ಹೋಗಿ ಮೂರು ದಿನ ಬಾರದವರನ್ನು ಬೈದೆ. ಕರೆಂಟು ಹೋದಾಗ ಯಾರನ್ನು ಬೈಯಬೇಕೆಂದು ತಿಳಿಯದೆ ನಮ್ಮನೆಯವರನ್ನು ಬೈದೆ. "ಆ ಮಷಿನ್ನಿಗಾದ್ರೂ ಒಂದ್ ಸ್ವಿಚ್ ಕೊಟ್ಟವ್ರೆ ಕಣೇ" ಎಂದು ಹೇಳಿ ಅವರು ಪೇಪರ್ ಹಿಡಿದು ಹಿತ್ತಲಿಗೆ ಹೋದರು.

ಜೊತೆಗಾತಿ ಎಂದೆನಲ್ಲ, ಅವಳು ಬಂದದ್ದು ಅಂಥ ಒಂದು ದಿನ, ರಂಜಾನಿಗೆ ಎರಡು ವಾರ ಮುಂಚೆ. ತರೀಕೆರೆಯ ಹುಡುಗಿ, ಮದುವೆಯಾಗಿ ಅಜ್ಜಂಪುರಕ್ಕೆ ಬಂದು ಹದಿನೈದು ವರ್ಷವಾಗಿತ್ತು. ಮನೆಯಲ್ಲಿ ದಖನಿ, ಹೊರಗೆ ನಮ್ಮಂತೆಯೇ ಕನ್ನಡ. ಬಟ್ಟೆ ಹೊಲಿಯುತ್ತಿದ್ದಳು. ಸ್ಟೀಲ್ ಡಬ್ಬಿಯಲ್ಲಿ ತಂದ ಹಿಟ್ಟು ರೇಷ್ಮೆಯಷ್ಟು ನುಣುಪಾಗಿತ್ತು. ಬೈಯಲು ಏನೂ ಸಿಗದೆ ನಾನು ಸುಮ್ಮನೆ ಒತ್ತಿಕೊಟ್ಟೆ. ಅವಳು ಒಂದು ಎಳೆಯನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದು ನೋಡಿದಳು.

"ಬೇಜಾರ್ ಮಾಡ್ಕಬ್ಯಾಡಿ ಅಕ್ಕ. ಇದು ಶಾವಿಗೆ ಅಲ್ಲ, ಲಂಗದ ಲಾಡಿ."

ನನಗೆ ಉರಿದುಹೋಯಿತು. "ಇಲ್ಲೀ ತಂಕ ಯಾರೂ ಹಂಗಂದಿಲ್ಲ" ಎಂದೆ.

"ಅವ್ರಿಗೆ ನಿಮ್ಮನ್ ಕಂಡ್ರೆ ಭಯ ಅಕ್ಕ" ಎಂದಳು. ಹೇಳಿದ ರೀತಿಯಲ್ಲಿ ಕೊಂಕಿರಲಿಲ್ಲ. ಹೊರಗೆ ಬಿಸಿಲಿದೆ ಎನ್ನುವಷ್ಟು ಸಲೀಸಾಗಿ ಹೇಳಿದ್ದಳು.

ಮಾರನೆಯ ದಿನ ಅವಳು ಒಂದು ಹಿತ್ತಾಳೆಯ ಬಿಲ್ಲೆ ಹಿಡಿದು ಬಂದಳು. ತವರಿನಲ್ಲಿ ಅವಳ ಅಜ್ಜಿಯ ಕಾಲದ ಕೈಒತ್ತಿನ ಶಾವಿಗೆಯ ಅಚ್ಚು ಅದು. ತೂತುಗಳು ಎಷ್ಟು ಸಣ್ಣವೆಂದರೆ ನನ್ನ ಕನ್ನಡಕಕ್ಕೆ ಕಾಣಲಿಲ್ಲ. ನಮ್ಮ ಮಷಿನ್ನಿಗೆ ಅದು ಕೂರುತ್ತಿರಲಿಲ್ಲ. ಅವಳೇ ತರೀಕೆರೆಗೆ ಹೋಗಿ ಲೇತ್ ಅಂಗಡಿಯಲ್ಲಿ ಸುತ್ತ ಒಂದು ಬಳೆ ಹಾಕಿಸಿ ತಂದಳು. ಅಚ್ಚು ಕೂರಿಸಿ ಒತ್ತಿದಾಗ ಬಂದ ಶಾವಿಗೆಯನ್ನು ನೋಡಿ ನಮ್ಮನೆಯವರು, "ಇದ್ರಾಗೆ ಗುಂಡಿ ಹೊಲೀಬಹುದಲ್ಲೇ" ಎಂದರು.

ಆ ರಂಜಾನಿಗೆ ಅವರ ಬೀದಿಯ ಹಿಟ್ಟೆಲ್ಲ ನಮ್ಮ ಮನೆಗೇ ಬಂತು. ಬಾಗಿಲಲ್ಲಿ ಡಬ್ಬಿಗಳ ಸಾಲು. ಅವಳು ಸಹಾಯಕ್ಕೆಂದು ಬಂದವಳು ಹಬ್ಬ ಮುಗಿದರೂ ಬರುತ್ತಲೇ ಇದ್ದಳು. ಉಪವಾಸ ಮುಗಿದ ಮೇಲೆ ಮೊದಮೊದಲು ಮಧ್ಯಾಹ್ನದ ಡಬ್ಬಿಯನ್ನು ಬಾಗಿಲ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು. ಎರಡು ದಿನ ನೋಡಿ ಮೂರನೆಯ ದಿನ ಗದರಿದೆ, ಒಳಗೆ ಬಂದಳು. ಆಮೇಲೆ ಅವಳ ಡಬ್ಬಿ ನನ್ನ ತಟ್ಟೆ ಎಂಬ ಲೆಕ್ಕ ಉಳಿಯಲಿಲ್ಲ. ನಮ್ಮ ನೆಂಟರಲ್ಲಿ ಒಬ್ಬಿಬ್ಬರು ಏನೋ ಅನ್ನಲು ಬಂದರು. ನನ್ನ ಕೋಪ ಜೀವಮಾನದಲ್ಲಿ ಉಪಯೋಗಕ್ಕೆ ಬಂದ ಕೆಲವೇ ಸಂದರ್ಭಗಳಲ್ಲಿ ಅದೊಂದು.

ಅವಳನ್ನು ಜೊತೆಗೆ ಸೇರಿಸಿಕೊಂಡದ್ದು ಒಂದು ಬೇಸಿಗೆಯ ಮಧ್ಯಾಹ್ನ. ತಾರಸಿಯ ತುಂಬ ಮದುವೆ ಆರ್ಡರಿನ ಶಾವಿಗೆ ನೇತಾಡುತ್ತಿತ್ತು. ಇದ್ದಕ್ಕಿದ್ದಂತೆ ತರೀಕೆರೆ ದಿಕ್ಕಿನಿಂದ ಮೋಡ ಕವಿದು ಬಂತು. ನಾನು ಮೋಡವನ್ನು ಬೈಯುತ್ತಾ ನಿಂತೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಗಳವನ್ನು ಮಲಗಿದ ಮಗುವನ್ನು ಎತ್ತುವ ಹಾಗೆ ಎತ್ತಿ ಒಳಗೆ ಸಾಗಿಸಿದಳು. ಒಂದು ಎಳೆಯೂ ಮುರಿಯಲಿಲ್ಲ. ಕೊನೆಯ ಗಳ ಒಳಗೆ ಬಂದಮೇಲೆ ನಾಲ್ಕು ಹನಿ ಬಿದ್ದು ಮಳೆ ಹೊರಟುಹೋಯಿತು. ಮೆಟ್ಟಿಲ ಮೇಲೆ ಇಬ್ಬರೂ ಕೂತು ಏದುಸಿರು ಬಿಡುತ್ತಿದ್ದಾಗ ನಾನು, "ನೀನೂ ಸೇರ್ಕೊಳೇ. ಇಬ್ರುದೂ ಅಂತ ಮಾಡಾಣ" ಎಂದೆ. "ಹೌ ಅಕ್ಕ" ಎಂದಳು. ಒಳಗಿಂದ ಒಂದು ಉಂಡೆ ಬೆಲ್ಲ ತಂದು ಮುರಿದು ಅರ್ಧ ಅವಳ ಕೈಗೆ ಕೊಟ್ಟೆ. ಕಾಗದವೂ ಇಲ್ಲ, ಸಾಕ್ಷಿಯೂ ಇಲ್ಲ. ಒಂದು ತಿಂಗಳಿಗೆ ಅವಳ ಕಡೆಯಿಂದ ಎರಡನೆಯ ಮಷಿನ್ ಬಂತು.

ನಮ್ಮಿಬ್ಬರ ಕೆಲಸದ ರೀತಿಯೇ ಬೇರೆ. ನಾನು ಹಿಟ್ಟನ್ನು ಗುದ್ದುತ್ತೇನೆ, ಅವಳು ಅದರ ಜೊತೆ ಮಾತಾಡುತ್ತಾಳೆ. ಅಂಗಡಿಯವರ ಫೋನುಗಳನ್ನೂ ಹಾಗೆಯೇ ಹಂಚಿಕೊಂಡೆವು. ಬೈಯಬೇಕಾದ ಫೋನು ನನ್ನದು, ಸಮಾಧಾನ ಹೇಳಬೇಕಾದದ್ದು ಅವಳದು. ಒಮ್ಮೆ ಅದಲುಬದಲಾಗಿ, ಪ್ಯಾಕೆಟ್ ತಡವಾಯಿತೆಂದು ಬೇಸರಪಟ್ಟುಕೊಂಡಿದ್ದ ಕಡೂರಿನ ಅಂಗಡಿಯವರಿಗೆ ನಾನು ಸಮಾಧಾನ ಹೇಳಿದೆ. ಪಾಪ, ಅವರು ಎರಡು ತಿಂಗಳು ನಮ್ಮಿಂದ ಶಾವಿಗೆ ತರಿಸಲಿಲ್ಲ. ತರೀಕೆರೆಯ ಅಂಗಡಿಯವರಿಗೆ ಮಾತ್ರ ನಾನು ದಿನವೂ ಸಲೀಸಾಗಿ ಹೇಳುವ ಮಾತೊಂದಿತ್ತು: "ನಾಳೆ ನಮ್ ಹುಡುಗಿ ಕೈಲಿ ಕಳಿಸ್ತೀನಿ ಬಿಡಿ." ಅವಳು ಪಕ್ಕದಲ್ಲೇ ಪ್ಯಾಕೆಟ್ಟಿಗೆ ಅಂಟು ಹಾಕುತ್ತಾ ಇರುತ್ತಿದ್ದಳು. ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೋ, ಅವಳು ಎಷ್ಟು ಸಲ ಕೇಳಿಸಿಕೊಂಡಿದ್ದಳೋ.

ಹೀಗೆ ಎರಡು ವರ್ಷ ಕಳೆಯಿತು. ಹೋದ ರಂಜಾನ್ ಮುಗಿದ ಮೇಲಿನ ವಾರ, ಅವಳು ಅಚ್ಚನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುತ್ತಾ, ತಲೆ ಎತ್ತದೆ ಹೇಳಿದಳು.

"ಅಕ್ಕ, ಒಂದ್ ಮಾತು. ಭಾಳ ದಿನದಿಂದ ಹೇಳ್ಬೇಕು ಅಂತಿದ್ದೆ. ಹಿಸ್ಸೆ ಮಾಡ್ಬಿಡಾಣ. ಬಾಯಿಮಾತಲ್ಲಿ ಬ್ಯಾಡ, ಕಾಗದದ ಮ್ಯಾಲೆ."

ನನ್ನ ಕೈಯಲ್ಲಿದ್ದ ಜರಡಿ ಅಲ್ಲೇ ನಿಂತಿತು. "ಆಗ್ಲಿ" ಎಂದೆ.

ಹಿಸ್ಸೆ ಎಂಬ ಮಾತು ನಮ್ಮ ಮನೆತನದಲ್ಲಿ ಏನೆಂದು ಹೇಳಬೇಕು. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ಸರ್ವೆ ನಂಬರಿನ ಜಮೀನನ್ನು ತುಂಡು ಮಾಡುತ್ತಾರಲ್ಲ, ಅದು ಹಿಸ್ಸೆ. ನನ್ನ ತವರು ಶಿವನಿಯ ಹತ್ತಿರ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೂ ಚಿಕ್ಕಪ್ಪನಿಗೂ ಹಿಸ್ಸೆಯಾಯಿತು. ಸರ್ವೆಯವರು ಸರಪಳಿ ಹಿಡಿದು ಹೊಲ ಅಳೆದರು. ಮನೆಯ ನಡುವೆ ಗೋಡೆ ಎದ್ದಿತು. ಅಮ್ಮನೂ ಚಿಕ್ಕಮ್ಮನೂ ಎದುರುಬದುರು ಕೂತು ರುಬ್ಬುತ್ತಿದ್ದ ಒರಳು ಗೋಡೆಯ ಆ ಕಡೆಗೆ ಹೋಯಿತು. ಆಮೇಲೆ ಚಿಕ್ಕಮ್ಮ ಒಬ್ಬಳೇ ರುಬ್ಬುವಾಗ ಬಳೆಯ ಸದ್ದು ಈ ಕಡೆಗೆ ಕೇಳಿಸುತ್ತಿತ್ತು, ಅಮ್ಮ ಒಲೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಇಬ್ಬರೂ ಸಾಯುವವರೆಗೆ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ "ಹಿಸ್ಸೆ ಆದ ವರ್ಷ" ಎಂದು ಹೇಳುವಾಗ ದನಿ ತಗ್ಗುತ್ತಿತ್ತು, ಯಾರೋ ತೀರಿಕೊಂಡ ವರ್ಷವನ್ನು ಹೇಳುವ ಹಾಗೆ.

ಈಗ ಇವಳೂ ಅದನ್ನೇ ಕೇಳುತ್ತಿದ್ದಾಳೆ. ಯಾಕೆ ಎಂದು ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಕೇಳುವುದು ನಮ್ಮ ವಂಶದಲ್ಲೇ ಇಲ್ಲ. ಅಪ್ಪ ಚಿಕ್ಕಪ್ಪನನ್ನು ಕೇಳಲಿಲ್ಲ, ಅಮ್ಮ ಚಿಕ್ಕಮ್ಮನನ್ನು ಕೇಳಲಿಲ್ಲ. ನಾನು ಮಾತ್ರ ಯಾಕೆ ಕೇಳಲಿ? ಕಲಿಯುವುದೆಲ್ಲ ಕಲಿತಾಯಿತು, ಅಚ್ಚೂ ಅವಳದೇ, ಇನ್ನು ನನ್ನಂಥ ಸಿಡುಕಿಯ ಜೊತೆ ಏನು ಕೆಲಸ, ತರೀಕೆರೆಯಲ್ಲೇ ಅಂಗಡಿ ಇಡುತ್ತಾಳೆ. ಹೀಗೆ ನಾನೇ ಪ್ರಶ್ನೆ ಕೇಳಿ ನಾನೇ ಉತ್ತರ ಕೊಟ್ಟುಕೊಂಡೆ.

ಅವಳು ಮನೆಗೆ ಹೋದಮೇಲೆ ಯುಗಾದಿಗೆ ಬಳಿದು ಉಳಿದಿದ್ದ ಸುಣ್ಣದ ಬಕೆಟ್ ಹಿಡಿದು ತಾರಸಿ ಹತ್ತಿದೆ. ಗಳ ಕಟ್ಟುವ ಹಗ್ಗವನ್ನು ಈ ಗೋಡೆಯಿಂದ ಆ ಗೋಡೆಗೆ ಬಿಗಿದು, ಅದರ ಪಕ್ಕದಲ್ಲೇ ಬಗ್ಗಿ ಗೆರೆ ಎಳೆದೆ. ಹದಿನಾರು ಗಳ ಆ ಕಡೆ, ಹದಿನಾರು ಗಳ ಈ ಕಡೆ. ತಾರಸಿಯಲ್ಲೂ ಪಾಲು ಕೊಡಿ ಎಂದು ಅವಳು ಕೇಳುವ ಮೊದಲೇ ನಾನೇ ಕೊಟ್ಟುಬಿಡಬೇಕು ಎಂಬ ಹಟ. ಸೊಂಟ ಹಿಡಿದುಕೊಂಡಿತು. ನಮ್ಮನೆಯವರು ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡಿ, "ಎಷ್ಟನೇ ಸರ್ವೆ ನಂಬರಪ್ಪಾ ಇದು?" ಎಂದು ಕೇಳಿದರು. ನನ್ನ ಮುಖ ನೋಡಿ ಉತ್ತರಕ್ಕೆ ಕಾಯದೆ ಇಳಿದುಹೋದರು.

ಬೆಳಿಗ್ಗೆ ಅವಳು ಮೇಲೆ ಹೋದಳು. ನಾನು ಕೆಳಗೆ ಹಿಟ್ಟು ಗುದ್ದುತ್ತಾ ಕಿವಿಯನ್ನೆಲ್ಲ ಮೇಲೆ ಇಟ್ಟಿದ್ದೆ. ಜಗಳಕ್ಕೆ ಬೇಕಾದ ಮಾತುಗಳೆಲ್ಲ ಸಿದ್ಧವಾಗಿದ್ದವು. ಅವಳು ಇಳಿದು ಬಂದು ಮುಖ ಅರಳಿಸಿಕೊಂಡು, "ಒಳ್ಳೇ ಕೆಲ್ಸ ಮಾಡಿದ್ರಿ ಅಕ್ಕ. ಸಣ್ಣದೂ ದಪ್ಪದೂ ಕಲ್ಸೋಗ್ತಿತ್ತು. ನನಗ್ಯಾಕೆ ಇದು ಹೊಳೀಲಿಲ್ಲ?" ಎಂದಳು. ಎಂಥ ನಾಟಕಗಾತಿ ಎಂದುಕೊಂಡೆ.

ಅಂದಿನಿಂದ ನಾಲ್ಕು ದಿನ ಮಾತು ಬಿಟ್ಟೆ. ನಾನು ಮಾತು ಬಿಡುವುದೆಂದರೆ ಊರಿನ ನಲ್ಲಿ ನಿಂತ ಹಾಗೆ, ಎಲ್ಲರಿಗೂ ಗೊತ್ತಾಗುತ್ತದೆ. ಹಿಟ್ಟು ಒತ್ತಿಸಲು ಬಂದವರು ಪಿಸುಮಾತಿನಲ್ಲಿ ಮಾತಾಡಿ ಹೋದರು. ಎರಡನೆಯ ದಿನ ಅವಳು ಕಾಗದದ ಪೊಟ್ಟಣದಲ್ಲಿ ಲವಂಗ ತಂದು ನನ್ನ ಮುಂದಿಟ್ಟಳು. "ಹಲ್ಲು ನೋವಿದ್ರೆ ಹೇಳ್ಬಾರ್ದಾ ಅಕ್ಕ? ಕಚ್ಕೊಂಡು ಇರಿ, ಬಿಡುತ್ತೆ." ಲವಂಗ ಬೇಡವೆನ್ನಲು ಬಾಯಿ ತೆರೆಯಬೇಕಿತ್ತು. ಅದಕ್ಕಿಂತ ಕಚ್ಚಿಕೊಳ್ಳುವುದೇ ಸುಲಭವೆನ್ನಿಸಿತು. ನಾಲ್ಕನೆಯ ದಿನ ನಾನೇ ಬಾಯಿಬಿಟ್ಟೆ.

"ಗುರುವಾರ ಕಡೂರಿಗೆ ಹೋಗಾಣ. ನೀ ಕೇಳಿದ ಕಾಗದ ಬರೆಸಾಣ."

ನಮ್ಮ ಊರೂ ಈಗ ತಾಲ್ಲೂಕು. ಪತ್ರ ಬರೆಯುವವರು ಇಲ್ಲಿಯೂ ಇದ್ದಾರೆ. ಆದರೆ ಇಲ್ಲಿ ಬರೆಸಿದರೆ ಶಾಯಿ ಒಣಗುವುದರೊಳಗೆ ಮೂರು ಬೀದಿಗೆ ಸುದ್ದಿ ಮುಟ್ಟುತ್ತದೆ. ಅವಮಾನವನ್ನು ಗುರುತಿಲ್ಲದ ಊರಿನಲ್ಲಿ ಪಡೋಣ ಎಂಬುದು ನನ್ನ ಯೋಚನೆ.

ಗುರುವಾರ ಸ್ಟೇಷನ್ನಿಗೆ ಅವಳು ಬಂದ ಠೀವಿ ನೋಡಬೇಕಿತ್ತು. ಹಬ್ಬಕ್ಕೆ ಕೊಂಡ ಹೊಸ ಸೀರೆ, ಕೈತುಂಬ ಬಳೆ, ಕೈಯಲ್ಲಿ ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರ್. ನಾನು ದಿನಾ ಉಡುವ ಸೀರೆಯಲ್ಲೇ ಹೋಗಿದ್ದೆ. ಬೇರೆಯಾಗುವುದಕ್ಕೆ ಇವಳಿಗೆ ಇಷ್ಟು ಸಂಭ್ರಮವೇ ಎಂದುಕೊಂಡೆ. ರೈಲಿನಲ್ಲಿ ಅವಳು ಹೊಲ ನೋಡುತ್ತಾ ಸಣ್ಣಗೆ ಏನೋ ಗುನುಗಿಕೊಳ್ಳುತ್ತಿದ್ದಳು. ನಾನು ಲವಂಗ ಕಚ್ಚಿಕೊಂಡು ಕೂತಿದ್ದೆ. ಬೀರೂರಿನಲ್ಲಿ ಅವಳು ಎರಡು ಟೀ ಕೊಂಡಳು. ನನಗೆ ಸಕ್ಕರೆ ಕಡಿಮೆ ಹಾಕಿಸಿದ್ದಳು. ಇನ್ನು ಮೇಲೆ ನನ್ನ ಟೀಗೆ ಸಕ್ಕರೆ ಎಷ್ಟೆಂದು ನೆನಪಿಟ್ಟುಕೊಳ್ಳುವವರು ಯಾರು ಎಂದು ಅನ್ನಿಸಿದಾಗ ಕಿಟಕಿಯ ಕಡೆಗೆ ತಿರುಗಿಕೊಂಡೆ. ಆ ಎರಡು ವರ್ಷದಲ್ಲಿ ಅವಳು ನನಗೆ ಎಷ್ಟು ಅಭ್ಯಾಸವಾಗಿದ್ದಳೆಂಬುದು ನನಗೆ ತಿಳಿದದ್ದೇ ಆ ಟೀ ಕುಡಿಯುವಾಗ.

ಕಡೂರಿನಲ್ಲಿ ಕಚೇರಿಗಳ ಸಾಲಿನ ಎದುರಿನ ಒಂದು ಪುಟ್ಟ ಮಳಿಗೆಯಲ್ಲಿ ಒಬ್ಬ ವಯಸ್ಸಾದ ಪತ್ರ ಬರಹಗಾರರು ಕಂಪ್ಯೂಟರಿನ ಮುಂದೆ ಕೂತಿದ್ದರು. ಹಣೆಗೆ ವಿಭೂತಿ, ಮೂಗಿನ ತುದಿಗೆ ಕನ್ನಡಕ.

"ಏನ್ ಬರೀಬೇಕಮ್ಮಾ?"

"ಹಿಸ್ಸೆ" ಎಂದೆ.

"ಯಾವೂರು? ಎಷ್ಟು ಎಕರೆ?"

"ಜಮೀನಲ್ಲ ಸ್ವಾಮಿ. ಎರಡು ಶಾವಿಗೆ ಮಷಿನ್ನು, ಮೂವತ್ತೆರಡು ಗಳ."

ಅವರು ಕನ್ನಡಕವನ್ನು ಒರೆಸಿ ಮತ್ತೆ ಹಾಕಿಕೊಂಡರು. ಹಿಸ್ಸೆ ಪತ್ರಕ್ಕೆ ಅವರ ಕಂಪ್ಯೂಟರಿನಲ್ಲಿ ಒಂದು ಸಿದ್ಧ ನಮೂನೆ ಇತ್ತು, ಜಮೀನಿಗೆ ಮಾಡಿದ್ದು. ಅದನ್ನು ತೆರೆದು, "ಹಂಗಾದ್ರೆ ಚೆಕ್ಕುಬಂದಿ ಹೇಳಿ" ಎಂದರು. ಚೆಕ್ಕುಬಂದಿ ಎಂದರೆ ಆಸ್ತಿಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಅದಿಲ್ಲದೆ ಅವರ ಕೈ ಮುಂದೆ ಓಡುವುದಿಲ್ಲವಂತೆ.

ನಾನು ಬಿಗಿದ ಮುಖದಲ್ಲೇ ಹೇಳಿದೆ. "ದೊಡ್ಡ ಮಷಿನ್ನು. ಪೂರ್ವಕ್ಕೆ ಬೀದಿ ಬಾಗಿಲು. ಪಶ್ಚಿಮಕ್ಕೆ ಹಿಟ್ಟಿನ ಡಬ್ಬ. ದಕ್ಷಿಣಕ್ಕೆ ಕಿಟಕಿ. ಉತ್ತರಕ್ಕೆ..."

"ಉತ್ತರಕ್ಕೆ ಸಾಹೇಬ್ರ ಪೇಪರ್ ಓದೋ ಕುರ್ಚಿ" ಎಂದು ಅವಳು ಸೇರಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಬರಹಗಾರರೂ ನಕ್ಕರು, ನಗುತ್ತಲೇ ಕುರ್ಚಿಯನ್ನೂ ಟೈಪ್ ಮಾಡಿದರು. ನಾನೊಬ್ಬಳೇ ನಗಲಿಲ್ಲ.

ಅವಳು ಕಲಿತದ್ದು ಉರ್ದು ಶಾಲೆಯಲ್ಲಿ. ಕನ್ನಡ ಓದುತ್ತಾಳೆ, ಆದರೆ ನಿಧಾನ. ಅದಕ್ಕೆ ಬರಹಗಾರರೇ ಗಟ್ಟಿಯಾಗಿ ಓದಿ ಹೇಳಿದರು. ಸದರಿ, ಮೇಲ್ಕಂಡ, ಉಭಯತ್ರರು ಎಂದು ಒಂದೊಂದು ಮಾತು ಬಂದಾಗಲೂ ಅವಳು ದೊಡ್ಡ ಕಚೇರಿಯಲ್ಲಿ ಕೂತವಳ ಗಾಂಭೀರ್ಯದಿಂದ ತಲೆಯಾಡಿಸುತ್ತಿದ್ದಳು. ಕೊನೆಗೆ ಅವರು ಓದಿದರು: "ಇಂದಿನಿಂದ ಒಬ್ಬರ ಹಿಸ್ಸೆಗೆ ಬಂದ ಸ್ವತ್ತಿನಲ್ಲಿ ಇನ್ನೊಬ್ಬರಿಗೆ ಯಾವ ಹಕ್ಕೂ ಇರುವುದಿಲ್ಲ, ಒಬ್ಬರಿಗೊಬ್ಬರಿಗೆ ಯಾವ ಸಂಬಂಧವೂ ಇರುವುದಿಲ್ಲ."

ಅವಳ ತಲೆ ಆಡುವುದು ನಿಂತಿತು.

"ಸಂಬಂಧ ಇಲ್ಲ ಅಂತ ಯಾಕ್ ಬರೆದ್ರಿ ಸಾರ್?"

"ಹಿಸ್ಸೆ ಅಂದ್ರೆ ಹಂಗೇ ಅಲ್ವೇನಮ್ಮ. ಬೇರೆ ಆದ್ಮೇಲೆ ಸಂಬಂಧ ಎಲ್ಲೀದು?"

ಅವಳು ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಮರೆಯುವ ಹಾಗಿಲ್ಲ. ಬಣ್ಣವೇ ಇಳಿದುಹೋಗಿತ್ತು.

"ನಾನೇನ್ ತಪ್ಪು ಮಾಡಿದೆ ಅಕ್ಕ?"

"ನಾನ್ ಕೇಳಬೇಕಾದ ಮಾತು ನೀ ಕೇಳ್ತೀಯಲ್ಲೇ" ಎಂದೆ. ಅಷ್ಟೂ ದಿನದ ಲವಂಗವೆಲ್ಲ ಒಟ್ಟಿಗೆ ಹತ್ತಿಕೊಂಡ ಹಾಗೆ ಗಂಟಲು ಉರಿಯಿತು. "ಹಿಸ್ಸೆ ಮಾಡ್ಬಿಡಾಣ ಅಂದೋಳು ಯಾರು? ನಾನಾ? ಬೆಲ್ಲ ತಿಂದು ಎರಡು ವರ್ಷ ಆಗಿಲ್ಲ, ಬೇರೆ ಹೋಗ್ಬೇಕು ಅನ್ನಿಸ್ತಾ ನಿಂಗೆ?"

"ನಕ್ಕೋ ಅಕ್ಕ, ನಕ್ಕೋ" ಎಂದಳು. ಗಾಬರಿಯಲ್ಲಿ ಅವಳ ಕನ್ನಡವೇ ಮಾಯವಾಗಿ, ಹಾಗನ್ನಬೇಡಿ ಎಂಬುದು ದಖನಿಯಲ್ಲಿ ಬಂದಿತ್ತು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು ಹೇಳಿದಳು. "ನಾ ಕೇಳಿದ್ದು ಬೇರೆ ಹೋಗಾಕಲ್ಲ. ನಮ್ಮನೇಲಿ ಹಬ್ಬದ ದಿನ ಯಾರಾದ್ರೂ ಬರೋದು ತಡ ಆದ್ರೆ ಅಮ್ಮಿ ಒಂದ್ ಬಟ್ಲು ಎತ್ತಿಡ್ತಾಳೆ. 'ತೇರಾ ಹಿಸ್ಸಾ ರಖ್ಖೀ ಹೂಂ' ಅಂತಾಳೆ, ನಿನ್ ಹಿಸ್ಸೆ ಎತ್ತಿಟ್ಟಿದೀನಿ ಅಂತ. ಹೊರಗಿನೋರಿಗೆ ಯಾರಾದ್ರೂ ಎತ್ತಿಡ್ತಾರಾ ಅಕ್ಕ? ಮನೆಯೋರಿಗೆ ತಾನೇ ಹಿಸ್ಸಾ? ನಾನು ನಿಮ್ ಹಿಸ್ಸೇದಾರಳು ಅಂತ ಕಾಗದದಾಗೆ ಇರಲಿ ಅಂದೆ, ಅಷ್ಟೇ."

ಬರಹಗಾರರು ಕೀಬೋರ್ಡಿನಿಂದ ಕೈ ತೆಗೆದರು.

"ಕಾಗದ ಯಾಕೆ ಬೇಕಾಯ್ತೇ?" ಎಂದು ಕೇಳಿದೆ. ಅವಳು ಹಿಸ್ಸೆ ಎಂದ ದಿನವೇ ಕೇಳಬೇಕಾಗಿದ್ದದ್ದು.

ಅವಳು ಟಿಫಿನ್ ಕ್ಯಾರಿಯರಿನ ಹಿಡಿಯನ್ನು ತಿರುಗಿಸುತ್ತಾ ಹೇಳಿದಳು. "ತರೀಕೆರೇಲಿ ಒಂದ್ ಮದುವೆಗೆ ಹೋಗಿದ್ದೆ. ಶಾವಿಗೆ ವ್ಯಾಪಾರ ನಂದೂ ಐತೆ ಅಂದೆ. ಅಲ್ಲಿದ್ದೋರು ನಕ್ಕರು. ನೀನ್ ಅಲ್ಲಿ ಕೆಲಸಕ್ಕೆ ಹೋಗೋಳಲ್ವಾ ಅಂದ್ರು. ಅಂಗಡಿಯೋರು ಹೇಳಿದ್ರಂತೆ. ನೀವೂ ಫೋನಾಗೆ ಹಂಗೇ ಅಂತೀರಲ್ಲ ಅಕ್ಕ, 'ನಮ್ ಹುಡುಗಿ ಕೈಲಿ ಕಳಿಸ್ತೀನಿ' ಅಂತ."

ಇಷ್ಟು ವರ್ಷದಲ್ಲಿ ನಾನು ಎಷ್ಟೋ ಜನರನ್ನು ಬೈದಿದ್ದೇನೆ. ಆದರೆ ಬೈಯದೆ, ಪ್ರೀತಿಯಿಂದಲೇ ಆಡಿದ ಮಾತು ಒಬ್ಬರನ್ನು ಮದುವೆ ಮನೆಯಲ್ಲಿ ತಲೆ ತಗ್ಗಿಸುವಂತೆ ಮಾಡಿತ್ತು. ನನಗೆ ನಾಚಿಕೆಯಾಯಿತು. ಅವಳಿಗೆ ತಪ್ಪಾಯಿತು ಎನ್ನಬೇಕಿತ್ತು, ಆ ಮಾತೂ ನಮ್ಮ ವಂಶದಲ್ಲಿಲ್ಲ. ಬರಹಗಾರರ ಕಡೆ ತಿರುಗಿ, "ಸ್ವಾಮಿ, ಅದನ್ನ ಹರಿದು ಹಾಕಿ. ಬೇರೆ ಬರೀರಿ" ಎಂದೆ.

ಅವರು ನಗುತ್ತಾ ಹಾಳೆಯನ್ನು ಎರಡು ತುಂಡು ಮಾಡಿದರು. "ನಿಮ್ಗೆ ಬೇಕಿದ್ದು ಪಾರ್ಟ್‌ನರ್‌ಶಿಪ್ಪು, ನಾ ಬರೆದಿದ್ದು ಪಾರ್ಟಿಷನ್ನು. ಇಂಗ್ಲಿಷಲ್ಲೂ ಶುರು ಒಂದೇ ಕಣ್ರಮ್ಮ, ಕೊನೆ ಬೇರೆ" ಎಂದರು.

ಹೊಸ ಪತ್ರದಲ್ಲಿ ಅವರು ನಮ್ಮಿಬ್ಬರನ್ನೂ ಪಾಲುದಾರರು ಎಂದು ಬರೆದರು. ಅವಳು ಒಪ್ಪಲಿಲ್ಲ, ಹಿಸ್ಸೇದಾರರು ಎಂದೇ ಬೇಕೆಂದಳು. ಕಾಯಿದೆಯ ಮಾತು ಪಾಲುದಾರರು ಎಂದು ಅವರು. ನಾನು ಮಧ್ಯೆ ಬಾಯಿ ಹಾಕಿ ನನ್ನ ಹಳೆಯ ದನಿಯಲ್ಲಿ ಎರಡು ಮಾತು ಆಡಿದೆ. ಕೊನೆಗೆ "ಪಾಲುದಾರರು ಉರುಫ್ ಹಿಸ್ಸೇದಾರರು" ಎಂದಾಯಿತು. ಚೆಕ್ಕುಬಂದಿಯನ್ನು ಮಾತ್ರ ಅವರು ತೆಗೆಯಲಿಲ್ಲ, ಅಭ್ಯಾಸಬಲ. ಹಾಗಾಗಿ ನಮ್ಮ ಪಾಲುದಾರಿಕೆ ಪತ್ರದಲ್ಲಿ ಇವತ್ತಿಗೂ ಉತ್ತರ ದಿಕ್ಕಿಗೆ ನಮ್ಮನೆಯವರ ಕುರ್ಚಿ ಇದೆ. ಅದನ್ನು ಓದಿದ ಮೇಲೆ ಅವರು ಆ ಕುರ್ಚಿಯನ್ನು ಒಂದು ಅಡಿಯೂ ಸರಿಸಲು ಬಿಡುತ್ತಿಲ್ಲ.

ಸಾಕ್ಷಿಗೆ ಪಕ್ಕದ ಟೀ ಅಂಗಡಿಯವರೂ, ಆದಾಯ ಪ್ರಮಾಣಪತ್ರಕ್ಕೆ ಬಂದು ಕಾಯುತ್ತಿದ್ದ ಒಬ್ಬ ರೈತರೂ ಸಹಿ ಹಾಕಿದರು. ಅವಳು ಕ್ಯಾರಿಯರ್ ಬಿಚ್ಚಿದಳು. ಸಹಿಯಾದ ಮೇಲೆ ಹಂಚಲು ಬೆಳಗಿನ ಜಾವವೇ ಎದ್ದು ಮಾಡಿದ್ದ ಶಾವಿಗೆ ಪಾಯಸ. ಹಾಲು, ಖರ್ಜೂರ, ತುಪ್ಪದಲ್ಲಿ ಹುರಿದ ನಮ್ಮದೇ ಸಣ್ಣ ಶಾವಿಗೆ. ಟೀ ಲೋಟಗಳಲ್ಲಿ ಎಲ್ಲರಿಗೂ ಹಂಚಿದಳು. ಬರಹಗಾರರು ಒಂದು ಎಳೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಕೈಯಾಗೆ ಮಾಡಿದ್ದಾ, ಮಷಿನ್ನಾಗಾ?" ಎಂದರು. ಎರಡು ಕೆಜಿಗೆ ಆರ್ಡರ್ ಕೊಟ್ಟರು. ನನ್ನ ಲೋಟ ಮುಗಿದ ಮೇಲೆ ಅವಳು ಕ್ಯಾರಿಯರಿನ ಕೆಳಗಿನ ಬಟ್ಟಲನ್ನು ಮುಚ್ಚಿಯೇ ಇಟ್ಟಳು. "ಇದು ಯಾರಿಗೇ?" ಎಂದೆ. "ಸಾಹೇಬ್ರ ಹಿಸ್ಸಾ" ಎಂದಳು.

ವಾಪಸ್ ರೈಲಿನಲ್ಲಿ ಜಾಗ ಸಿಕ್ಕಿತು. ಎದುರಿಗೆ ಒಬ್ಬ ಅಜ್ಜಿ, ಮಡಿಲಲ್ಲಿ ವೀಳ್ಯದೆಲೆಯ ಚೀಲ. ನಾವು ತಂದಿದ್ದ ಚಪಾತಿಯನ್ನು ಒಂದೇ ಡಬ್ಬಿಯಿಂದ ತಿನ್ನುವುದನ್ನು ನೋಡುತ್ತಿದ್ದವಳು ಕೇಳಿಯೇಬಿಟ್ಟಳು.

"ಇವ್ರು ನಿಂಗೆ ಏನಾಗ್ಬೇಕವ್ವಾ?"

ನಮ್ ಹುಡುಗಿ ಎಂಬ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನುಂಗಿಕೊಂಡೆ. ಜೊತೆಗಾತಿ ಕೇಳಿಸದವಳ ಹಾಗೆ ಕಿಟಕಿಯಾಚೆ ನೋಡುತ್ತಿದ್ದಳು, ಆದರೆ ಅಗಿಯುವುದನ್ನು ನಿಲ್ಲಿಸಿದ್ದಳು.

"ನಾವಿಬ್ರೂ ಹಿಸ್ಸೇದಾರ್ರು ಕಣಜ್ಜಿ" ಎಂದೆ. "ಇವತ್ತೇ ಕಡೂರಾಗೆ ಹಿಸ್ಸೆ ಪತ್ರ ಆಯ್ತು."

ಅಜ್ಜಿ ಬಾಯಿ ತೆರೆದುಕೊಂಡು ನಮ್ಮಿಬ್ಬರನ್ನೂ, ನಡುವಿನ ಡಬ್ಬಿಯನ್ನೂ ನೋಡಿದಳು. "ಅಯ್ಯೋ ಶಿವನೇ, ಹಿಸ್ಸೆ ಆದ ದಿನವೇ ಹಿಂಗೆ ಒಂದೇ ಡಬ್ಬೀಲಿ ಉಣ್ಣೋರ್ನ ನಾ ಎಲ್ಲೂ ಕಂಡಿಲ್ಲ" ಎಂದಳು. "ನಮ್ಮ ಕಾಲ್ದಾಗೆ ಗೋಡೆ ಎದ್ದ ಮ್ಯಾಲೆ ಒರಳು ಕೂಡ ಕೊಡ್ತಿರ್ಲಿಲ್ಲ ಕಣ್ರವ್ವ."

ಜೊತೆಗಾತಿ ನಕ್ಕಳು. ನಾನೂ ನಗಲು ಹೋದೆ, ಆಗಲಿಲ್ಲ. ಗೋಡೆಯಾಚೆಯ ಬಳೆ ಸದ್ದನ್ನು ಕೇಳುತ್ತಾ ಕೂತಿರುತ್ತಿದ್ದ ಅಮ್ಮ ನೆನಪಾದಳು. ಒಂದೇ ಒಂದು ಸಲ ಯಾಕೆ ಎಂದು ಕೇಳಿದ್ದರೆ ಅವಳಿಗೂ ಆ ಒರಳು ಉಳಿಯುತ್ತಿತ್ತೇನೋ. ಷರತ್ತಿನ ಪ್ರಕಾರ ಬರೆಯುತ್ತಿದ್ದೇನೆ: ಬೀರೂರು ದಾಟಿದ ಮೇಲೆ ಅಜ್ಜಂಪುರ ಬರುವವರೆಗೂ ಅತ್ತೆ. ಅವಳು ಏನೂ ಕೇಳಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಒಂದೇ ಚಪಾತಿಯನ್ನು ಮುರಿದು, ನನ್ನ ಅರ್ಧವನ್ನು ಮುಚ್ಚಳದ ಮೇಲೆ ಎತ್ತಿಟ್ಟುಕೊಂಡು ಕಾಯುತ್ತಿದ್ದಳು.